ಮರಗಳ ರೋಗದ ಮೇಲೆ ಊರಿನವರು ಕಣ್ಣಿಡಬೇಕೆ? ಕೊಡಗಿನಿಂದ ಪರ-ವಿರೋಧ

ಕೊಡಗಿನ ತೋಟ, ಬಾಣೆ (ಗದ್ದೆಗೆ ಹೊಂದಿಕೊಂಡ ಮರಗಾಡಿನ ಜಮೀನು), ದೇವರಕಾಡುಗಳ ಮರಗಿಡಗಳಿಗೆ ತಗಲುವ ರೋಗ ಎಲ್ಲಿಂದ ಎಲ್ಲಿಗೆ ಹರಡುತ್ತಿದೆ ಎಂಬುದನ್ನು ಗಮನಿಸಿ ತಿಳಿಸುವ ಕೆಲಸದಲ್ಲಿ ಬೆಳೆಗಾರರು, ಕಾರ್ಮಿಕರು, ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಕೆ ಎಂಬುದು ಪ್ರಶ್ನೆ. ಎರಡು ಪಕ್ಷಗಳನ್ನೂ ನಾನೇ ಬರೆದಿದ್ದೇನೆ. ನನ್ನ ಒಲವು ಮೊದಲನೆಯದರ ಕಡೆಗಿದೆ. ಆದರೆ ಎರಡನೆಯದರ ಕೊನೆಯ ಆಕ್ಷೇಪಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.

ಪರ

ಮಳೆಗಾಲದಲ್ಲಿ ಕಾಫಿ ಎಲೆ ಕಪ್ಪಾಗಿ ಕೊಳೆತು, ಶಿಲೀಂಧ್ರದ ಎಳೆಗೆ ಅಂಟಿಕೊಂಡು ರೆಂಬೆಯಿಂದ ಜೋತುಬೀಳುವ ಕಾಯಿಲೆಯನ್ನು ನಾವು ಕೊಳೆರೋಗ ಎನ್ನುತ್ತೇವೆ. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಎಂ.ಸಿ. ಕುಕ್ ಈ ಶಿಲೀಂಧ್ರಕ್ಕೆ ‘ಪೆಲಿಕ್ಯುಲೇರಿಯಾ ಕೊಳೆರೋಗ’ ಎಂದು ಹೆಸರಿಟ್ಟಾಗ, ತೋಟದವರ ಬಾಯಲ್ಲಿದ್ದ ಕನ್ನಡದ ಮಾತೇ ವಿಜ್ಞಾನದ ಹೆಸರಿನೊಳಗೆ ಸೇರಿಕೊಂಡಿತು. ಏಲಕ್ಕಿಯ ಎಲೆಯಲ್ಲಿ ತಿಳಿ ಹಳದಿ ಗೆರೆ ಮೂಡಿಸಿ ಗಿಡವನ್ನು ಸೊರಗಿಸುವ ಕಟ್ಟೆ ರೋಗಕ್ಕೆ ಇಂದಿಗೂ ವಿಜ್ಞಾನಿಗಳು ಬಳಸುವ ಹೆಸರು ಕಟ್ಟೆಯೇ. ಒಂದು ಕಾಯಿಲೆಯನ್ನು ಇತರ ಕಾಯಿಲೆಗಳಿಂದ ಬೇರೆಯೆಂದು ಗುರುತಿಸಿ ಅದಕ್ಕೆ ಹೆಸರಿಡುವಷ್ಟು ಸೂಕ್ಷ್ಮವಾಗಿ ಗಿಡವನ್ನು ನೋಡಬಲ್ಲ ಜನ ಇಲ್ಲಿ ತಲೆಮಾರುಗಳಿಂದ ಇದ್ದಾರೆ. ಸಾರ್ವಜನಿಕರ ನಿಗಾ ಎಂದಾಗ ಹೊಸ ಅಭ್ಯಾಸವೊಂದನ್ನು ಹೊರಗಿನಿಂದ ತರಬೇಕಾಗಿಲ್ಲ. ಇರುವ ಅಭ್ಯಾಸಕ್ಕೆ ಕಿವಿಗೊಡುವ ವ್ಯವಸ್ಥೆಯೊಂದು ಬೇಕಾಗಿದೆ.

ಅರೇಬಿಕಾ ಕಾಫಿ ತೋಟಗಳಲ್ಲಿ ಬೋರರ್ ಗಿಡ, ಅಂದರೆ ಕಾಂಡಕೊರಕ ಹುಳು ಹೊಕ್ಕ ಗಿಡ, ಹುಡುಕುವ ಕೆಲಸವನ್ನೇ ನೋಡಿ. ಕಾಂಡಕೊರಕದ ದುಂಬಿಗಳು ಹೊರಬರುವ ಕಾಲಕ್ಕೆ ಮುಂಚೆ ಕಾರ್ಮಿಕರು ಸಾಲು ಸಾಲಾಗಿ ನಡೆದು, ಎಲೆ ಹಳದಿಯಾದ, ಕಾಂಡದ ಮೇಲೆ ಉಬ್ಬುಗೆರೆ ಎದ್ದ ಗಿಡಗಳನ್ನು ಪತ್ತೆಮಾಡಿ ಕಿತ್ತು ಸುಡುತ್ತಾರೆ. ಇದು ರೋಗವಲ್ಲ, ಕೀಟದ ಬಾಧೆ ಎಂಬುದು ನಿಜ. ಆದರೆ ಒಂದೊಂದು ಗಿಡವನ್ನೂ ನೋಡಿ ಬರುವ ಇಂಥ ಸಮೀಕ್ಷೆಯನ್ನು ಯಾವ ಇಲಾಖೆಯ ಸಿಬ್ಬಂದಿಯೂ ಜಿಲ್ಲೆಯಾದ್ಯಂತ ಮಾಡಲಾರರು. ಹೀಗೆ ಕಂಡದ್ದು ತೋಟದ ಬೇಲಿಯೊಳಗೇ ಉಳಿದುಬಿಡುತ್ತದೆ ಎಂಬುದೇ ನನ್ನ ದೂರು. ಕಾಳುಮೆಣಸಿಗೆ ಶೀಘ್ರ ಸೊರಗು ರೋಗ ಬಂದರೆ ಎಲೆ ಕಪ್ಪಾಗಿ ಕೆಲವೇ ದಿನಗಳಲ್ಲಿ ಬಳ್ಳಿ ಬೋಳಾಗುತ್ತದೆ. ನೆರೆಯ ತೋಟದಲ್ಲಿ ಅದು ಕಾಣಿಸಿಕೊಂಡ ಸುದ್ದಿ ಒಂದು ವಾರ ಮೊದಲು ತಲುಪಿದರೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೊ ದ್ರಾವಣ ಹೊಡೆಯಲು, ಬಸಿಗಾಲುವೆ ಬಿಡಿಸಲು ಅವಕಾಶ ಸಿಗುತ್ತದೆ. ತಲುಪದಿದ್ದರೆ ಒಣಗಿದ ಬಳ್ಳಿಗಳನ್ನು ಎಣಿಸುವುದೊಂದೇ ಉಳಿಯುತ್ತದೆ.

ನಮ್ಮ ತೋಟದ ಹಾಲುವಾಣದ ಮರಗಳ ಎಲೆ ತೊಟ್ಟುಗಳು ಗಂಟುಗಂಟಾಗಿ ಉಬ್ಬಿದ್ದನ್ನು ಮೊದಲು ಹೇಳಿದವರು ಮೆಣಸು ಕೊಯ್ಯಲು ಏಣಿ ಹತ್ತಿದ ಕೆಲಸದವರು. ಬಿಸಿಲಿಗೆ ಹಾಗಾಗಿರಬೇಕೆಂದು ನಾನು ಸುಮ್ಮನಾದೆ. ಅದು ಎಲೆಯಲ್ಲಿ ಗಂಟು ಎಬ್ಬಿಸುವ ಗಂಟುಕಣಜ ಎಂಬ ಸಣ್ಣ ಕೀಟದ ಹಾವಳಿ, ಕೇರಳದಿಂದ ಇತ್ತ ಎಷ್ಟೋ ತೋಟಗಳಲ್ಲಿ ಮೆಣಸಿಗೆ ಆಸರೆಯಾಗಿದ್ದ ಮರಗಳನ್ನು ಅದೇ ಕೊಂದಿದೆ ಎಂದು ನನಗೆ ತಿಳಿಯುವ ವೇಳೆಗೆ ಮರಗಳು ಒಣಗುತ್ತಿದ್ದವು. ಅವರ ಮಾತನ್ನು ಬರೆದಿಟ್ಟುಕೊಳ್ಳುವ ಒಂದು ಜಾಗವಿದ್ದಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ತಪ್ಪು ವರದಿಗಳು ಬರುತ್ತವೆ ಎಂಬ ಭಯಕ್ಕೆ ಪರಿಹಾರವಿದೆ. ಕ್ಯಾಲಿಫೋರ್ನಿಯಾದಲ್ಲಿ ಓಕ್ ಮರಗಳನ್ನು ಕೊಲ್ಲುತ್ತಿರುವ ಫೈಟಾಫ್ಥೊರಾ ರೆಮೋರಮ್ ಎಂಬ ರೋಗಾಣುವಿನ ಹರಡುವಿಕೆಯನ್ನು ತಿಳಿಯಲು 2008ರಿಂದ ಸ್ವಯಂಸೇವಕರು ವಸಂತಕಾಲದಲ್ಲಿ ಎಲೆಗಳನ್ನು ಸಂಗ್ರಹಿಸುತ್ತಾರೆ. ರೋಗವಿದೆಯೋ ಇಲ್ಲವೋ ಎಂದು ನಿರ್ಧರಿಸುವುದು ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಯೋಗಾಲಯ. ನಮ್ಮ ಮೆಣಸಿನ ಸೊರಗು ರೋಗದ್ದೂ ಅದೇ ಕುಲದ ರೋಗಾಣು. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ, ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರವಿದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ. ಎಲೆ ತರುವವರು ಊರಿನವರಾಗಲಿ, ತೀರ್ಪು ಹೇಳುವವರು ಇಂಥ ಕಡೆಯ ತಜ್ಞರಾಗಲಿ.

ವಿರೋಧ

ಕೊಡಗಿನ ಮರರೋಗದ ಚರಿತ್ರೆಯನ್ನು ಶ್ರೀಗಂಧದಿಂದ ಆರಂಭಿಸಬೇಕು. ಎಲೆಗಳು ಕುಗ್ಗಿ, ಬಿರುಸಾಗಿ, ರೆಂಬೆ ಮುಳ್ಳಿನ ತೆನೆಯಂತೆ ನಿಲ್ಲುವ ಸ್ಪೈಕ್ ರೋಗವನ್ನು ಮೊದಲು ವರದಿ ಮಾಡಿದ್ದು 1899ರಲ್ಲಿ, ಇದೇ ಕೊಡಗಿನಲ್ಲಿ. ಮುಂದೆ ಆದದ್ದೇನು? ಹರಡುವಿಕೆಯನ್ನು ತಡೆಯಲೆಂದು 1903ರಿಂದ 1916ರ ನಡುವೆ ಕೊಡಗು ಮತ್ತು ಮೈಸೂರು ಪ್ರದೇಶಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗಂಧದ ಮರಗಳನ್ನು ತೆಗೆಯಲಾಯಿತು. 1907ರಲ್ಲಿ ಮೈಸೂರು ಮಹಾರಾಜರು ಪರಿಹಾರ ಕಂಡುಹಿಡಿದವರಿಗೆ 10,000 ರೂಪಾಯಿ ಬಹುಮಾನ ಘೋಷಿಸಿದರು. ಆದರೆ ಸಸ್ಯದ ಆಹಾರನಾಳದೊಳಗೆ ಬದುಕುವ, ಈಗ ಫೈಟೋಪ್ಲಾಸ್ಮಾ ಎಂದು ಕರೆಯುವ ಸೂಕ್ಷ್ಮಜೀವಿಯನ್ನು ರೋಗಿಷ್ಠ ಮರಗಳಲ್ಲಿ ಕಂಡದ್ದು 1969ರಲ್ಲಿ. ರೋಗವನ್ನು ಕಾಣುವ ಕಣ್ಣಿಗೆ ಇಲ್ಲಿ ಎಂದೂ ಕೊರತೆಯಿರಲಿಲ್ಲ. ಕಂಡದ್ದನ್ನು ಅರಿಯುವ ವಿದ್ಯೆ ಎಪ್ಪತ್ತು ವರ್ಷ ತಡವಾಗಿ ಬಂತು, ಅಷ್ಟರಲ್ಲಿ ಕೊಡಲಿ ತನ್ನ ಕೆಲಸ ಮುಗಿಸಿತ್ತು, ರೋಗ ಮಾತ್ರ ನಿಲ್ಲಲಿಲ್ಲ. ಲಕ್ಷಣ ಕಾಣದ ಮರದೊಳಗೂ ಫೈಟೋಪ್ಲಾಸ್ಮಾ ಇರಬಹುದಾದ್ದರಿಂದ ಬರಿಗಣ್ಣಿನ ವರದಿ ತಡವಾದ ವರದಿಯೇ.

ಶ್ರೀಗಂಧದ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ರೋಗ ಬಂದ ಮರ ಎಲ್ಲಿದೆ ಎಂಬ ನಕ್ಷೆ ತಯಾರಾದರೆ, ಗಂಧದ ಮರ ಎಲ್ಲಿದೆ ಎಂಬ ನಕ್ಷೆಯೂ ತಯಾರಾದಂತೆ. ಕಳ್ಳರಿಗೆ ಅದಕ್ಕಿಂತ ಉಪಯುಕ್ತವಾದದ್ದು ಬೇರೊಂದಿಲ್ಲ.

ಕಾನೂನಿನ ನೆನಪೂ ಜನರ ಬಾಯಿ ಕಟ್ಟಿಹಾಕುತ್ತದೆ. 2001ರ ತಿದ್ದುಪಡಿಗೆ ಮುಂಚೆ ಸ್ವಂತ ಜಮೀನಿನಲ್ಲಿ ಬೆಳೆದ ಗಂಧದ ಮರವೂ ಸರ್ಕಾರದ್ದಾಗಿತ್ತು, ಅದು ಕಳುವಾದರೆ ತೊಂದರೆ ಮಾತ್ರ ಜಮೀನಿನವರದ್ದಾಗಿತ್ತು. ಹೀಗಾಗಿ ತಾನಾಗಿ ಹುಟ್ಟಿದ ಗಂಧದ ಸಸಿಯನ್ನು ರೈತರೇ ಕಿತ್ತೆಸೆಯುತ್ತಿದ್ದರು. ಕೊಡಗಿನ ಅನ್‌ರಿಡೀಮ್ಡ್ ಜಮೀನುಗಳಲ್ಲಿ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಇನ್ನೂ ಕಟ್ಟದ ಜಮೀನುಗಳಲ್ಲಿ, ಮರದ ಹಕ್ಕು ಇಂದಿಗೂ ಹಿಡುವಳಿದಾರರದ್ದಲ್ಲ. ಒಂದು ಬೀಟೆಯೋ ಹೊನ್ನೆಯೋ ಒಣಗುತ್ತಿದೆ ಎಂದು ತಾನಾಗಿ ತಿಳಿಸಿ, ಅಧಿಕಾರಿಗಳು ಬಾಣೆಗೆ ಬಂದು ಅಳತೆ, ದಾಖಲೆ, ಹಕ್ಕುಪತ್ರಗಳ ವಿಚಾರಣೆಗೆ ತೊಡಗುವುದನ್ನು ಯಾವ ಮನೆಯವರು ಬಯಸುತ್ತಾರೆ? ಇಂಥ ಹಿಂಜರಿಕೆ ಇರುವಲ್ಲಿ ವರದಿಗಳು ರಸ್ತೆಬದಿಯಿಂದ, ಶಾಲೆಯ ಆವರಣದಿಂದ, ಮೊಬೈಲ್ ಸಿಗ್ನಲ್ ಇರುವ ಕಡೆಯಿಂದ ಮಾತ್ರ ಬರುತ್ತವೆ. ಬ್ರಹ್ಮಗಿರಿ, ಪುಷ್ಪಗಿರಿಗಳ ಒಳಗಾಡು ನಕ್ಷೆಯಲ್ಲಿ ಖಾಲಿಯಾಗಿ ಉಳಿಯುತ್ತದೆ. ಆ ಖಾಲಿ ಜಾಗವನ್ನು ಆರೋಗ್ಯವೆಂದು ಓದುವ ತಪ್ಪು ಸುಲಭವಾಗಿ ನಡೆದುಹೋಗುತ್ತದೆ.

ನಡೆದಾಡುವ ಕಾಲುಗಳ ವಿಚಾರವನ್ನೂ ಮರೆಯಬಾರದು. ಮೆಣಸಿನ ಸೊರಗು ರೋಗದ ರೋಗಾಣು ಒದ್ದೆ ಮಣ್ಣಿನಲ್ಲಿ ಬದುಕುತ್ತದೆ, ಕೆಸರಿನೊಂದಿಗೆ ಸಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ರೋಗ ನೋಡಲು ಹೋದ ಉತ್ಸಾಹಿಗಳ ಬೂಟಿಗೆ ಅಂಟಿದ ಮಣ್ಣೇ ರೋಗವನ್ನು ಹೊತ್ತೊಯ್ಯಬಹುದು.

ಇವುಗಳಿಗೆಲ್ಲ ನಿಯಮ ಮಾಡಬಹುದು: ನಕ್ಷೆಯನ್ನು ಗುಪ್ತವಾಗಿಡಬಹುದು, ಬೂಟು ತೊಳೆಸಬಹುದು, ವರದಿ ಕೊಟ್ಟವರ ಜಮೀನಿನ ದಾಖಲೆ ಕೇಳುವುದಿಲ್ಲವೆಂದು ಆದೇಶ ಹೊರಡಿಸಬಹುದು. ಆದರೆ ರೋಗವನ್ನು ಮೊದಲು ಕಾಣುವವರು ಯಾರು? ಏಣಿ ಹತ್ತುವವರು, ರೆಂಬೆ ಸವರಿ ಕಪಾತು ಮಾಡುವವರು, ತೋಟದ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ವಾಸಿಸುವ ಕಾರ್ಮಿಕರು. ಅವರಲ್ಲಿ ಅನೇಕರು ಸ್ವಂತ ಜಾಗವಿಲ್ಲದ ಎರವರು, ಜೇನುಕುರುಬರು ಎಂಬ ಆದಿವಾಸಿಗಳು. ಮೆಣಸು ಮಾರಾಟದ ಹೊತ್ತಿಗೆ, ಇಲ್ಲವೇ ತೋಟವನ್ನೇ ಮಾರಲು ಹೊರಟಾಗ, ರೋಗದ ಸುದ್ದಿ ಹೊರಗೆ ಹೋಗುವುದು ಮಾಲೀಕರಿಗೆ ಬೇಡವಾದರೆ, ಹೇಳಿದ ಕಾರ್ಮಿಕ ಮಹಿಳೆಯ ಮರುದಿನದ ಕೆಲಸ ಏನಾಗುತ್ತದೆ? ಅವಳು ಮಲಗುವ ಕೋಣೆಯೂ ಅದೇ ಮಾಲೀಕರದ್ದು. ಅವಳ ಹೆಸರನ್ನು ಮುಚ್ಚಿಟ್ಟರೂ, ಆ ಸಾಲಿನಲ್ಲಿ ಆ ವಾರ ಕೆಲಸಕ್ಕೆ ಹೋದವರು ಯಾರೆಂಬುದು ಮೇಸ್ತ್ರಿಯ ಪುಸ್ತಕದಲ್ಲಿ ಇದ್ದೇ ಇರುತ್ತದೆ.