ಸತ್ಯಾಂಶ: ತಗಡು ದಪ್ಪವಿದ್ದರೆ ಹಳೆಯ ಕಾರು ಸುರಕ್ಷಿತವೇ?

"ಹಳೆಯ ಕಾರಿನ ತಗಡು ಎಷ್ಟು ದಪ್ಪ ನೋಡಿ, ಡಿಕ್ಕಿಯಾದರೂ ಒಳಗಿದ್ದವರಿಗೆ ಏನೂ ಆಗದು, ಈಗಿನ ಕಾರುಗಳು ಬರೀ ಡಬ್ಬ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಇದು ತಪ್ಪು.

2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯು 1959ರ ಷೆವ್ರೊಲೆ ಬೆಲ್ ಏರ್ ಮತ್ತು 2009ರ ಷೆವ್ರೊಲೆ ಮಾಲಿಬು ಕಾರುಗಳನ್ನು ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ, ಮುಂಭಾಗದ ಒಂದು ಬದಿ ತಾಗುವಂತೆ, ಎದುರುಬದುರು ಡಿಕ್ಕಿ ಹೊಡೆಸಿತು. ಬೆಲ್ ಏರ್‌ನಲ್ಲಿ ಚಾಲಕ ಕೂರುವ ಜಾಗವೇ ಕುಸಿದು, ಸ್ಟಿಯರಿಂಗ್ ಹಿಂದಕ್ಕೆ ನುಗ್ಗಿತು. ಮಾಲಿಬುವಿನ ಮೂತಿ ನಜ್ಜುಗುಜ್ಜಾದರೂ ಒಳಗೆ ಚಾಲಕನ ಬದಲು ಕೂರಿಸಿದ್ದ ಗೊಂಬೆಯ ಸುತ್ತಲಿನ ಜಾಗ ಉಳಿಯಿತು. ಮೂತಿ ಮಡಚಿಕೊಳ್ಳುವುದು ದೌರ್ಬಲ್ಯವಲ್ಲ. ಡಿಕ್ಕಿಯ ಶಕ್ತಿಯನ್ನು ಹೀರಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ.

ನನಗೂ ಹಳೆಯ ಕಾರುಗಳೆಂದರೆ ಪ್ರಾಣ. ಅದಕ್ಕೇ ಹೇಳುತ್ತಿದ್ದೇನೆ: ಕೊಳ್ಳುವಾಗ ಹೊಳೆಯುವ ಬಣ್ಣಕ್ಕೆ ಮರುಳಾಗಬೇಡಿ. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲಿನ ಕೆಳಗಂಚು, ಚಕ್ರದ ಮೇಲಿನ ಕಮಾನುಗಳ ಮೇಲೆ ಆಡಿಸಿ. ಉಕ್ಕಿನ ಮೈಯಲ್ಲಿ ಅದು ಒಂದೆಡೆ ಮಾತ್ರ ಹಿಡಿಯದೆ ಜಾರಿದರೆ ಅಲ್ಲಿ ದಪ್ಪನೆ ಪುಟ್ಟಿ ಮೆತ್ತಿದ್ದಾರೆಂದೇ ತಿಳಿಯಿರಿ. ಅದರಡಿ ತುಕ್ಕು ಅಡಗಿರಬಹುದು.

ಹಣ ಹಾಕುವುದಾದರೆ ಮೊದಲು ಬ್ರೇಕಿಗೆ. ಆ ಕಾಲದ ಬಹಳಷ್ಟು ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಬ್ರೇಕ್ ಸರ್ಕ್ಯೂಟ್, ಅಂದರೆ ಬ್ರೇಕ್ ಎಣ್ಣೆ ಸಾಗುವ ಒಂದೇ ಕೊಳವೆ ಜಾಲ; ಒಂದು ಕಡೆ ಸೋರಿದರೂ ಪೆಡಲ್ ನೆಲ ಮುಟ್ಟುತ್ತದೆ. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ತಳ್ಳುವ ಭಾಗ) ಹಾಕಿಸಿ. ಆಮೇಲೆ ಸೀಟ್ ಬೆಲ್ಟ್, 1959ರಲ್ಲಿ ವೋಲ್ವೊ ತಂದ, ಭುಜ ಮತ್ತು ಸೊಂಟ ಎರಡನ್ನೂ ಹಿಡಿಯುವ ಮೂರು ಬಿಂದುಗಳ ಮಾದರಿಯದು. ಅದನ್ನು ಬಲಪಡಿಸಿದ ಜಾಗಕ್ಕೇ ಬಿಗಿಸಬೇಕು. ಬರೀ ತಗಡಿಗೆ ಬೋಲ್ಟ್ ಹಾಕಿದರೆ ಡಿಕ್ಕಿಯ ಹೊತ್ತಿಗೆ ಕಿತ್ತು ಬರುತ್ತದೆ.