ಒಣಗಲಿ ಸರ್

ನಿನ್ನೆ ಸಂಜೆ ಕೌಲ್ ಬಜಾರಿನಿಂದ ನಮ್ಮ ಸೋದರಮಾವ ಬಂದಿದ್ದರು. ಹಾಲ್‌ನಲ್ಲಿ ಕುಳಿತು, ಒಗ್ಗರಣೆ ಮಂಡಕ್ಕಿ ಮುಗಿಸಿ, ಮಿರ್ಚಿಯ ತೊಟ್ಟುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ, ನೀರು ಕುಡಿದು, ನಾಲ್ಕೂ ಗೋಡೆಗಳ ಮೇಲೆ ಒಮ್ಮೆ ಕಣ್ಣಾಡಿಸಿ ಕೇಳಿದರು: "ಅಲ್ಲಪ್ಪಾ, ಮನೆಗೆ ಬಣ್ಣ ಯಾವಾಗ ಹೊಡೆಸುತ್ತೀಯಾ?"

ಬಣ್ಣ ಹೊಡೆಸಿ ಹನ್ನೊಂದು ದಿನವಾಗಿತ್ತು.

ಅಡುಗೆಮನೆಯಲ್ಲಿ ನನ್ನ ಹೆಂಡತಿ ಒಂದು ಪಾತ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕೆಳಗಿಟ್ಟಳು. ನಾನು ಉಗುಳು ನುಂಗಿ, "ದೀಪಾವಳಿಗೆ ನೋಡೋಣ ಮಾವ" ಎಂದುಬಿಟ್ಟೆ. ಹೊಡೆಸಿದ್ದೇವೆ ಎಂದು ಹೇಳಿದರೆ ಅವರು ಎದ್ದು ಗೋಡೆಯ ಹತ್ತಿರ ಹೋಗಿ ಕನ್ನಡಕ ಹಾಕಿಕೊಳ್ಳುತ್ತಿದ್ದರು. ಅದನ್ನು ತಾಳುವ ಶಕ್ತಿ ನನಗಿರಲಿಲ್ಲ.

ನಮ್ಮ ಮನೆ ಈ ಹಿಂದೆ ಬಣ್ಣ ಕಂಡದ್ದು 2012ರಲ್ಲಿ. ಹಿಂದಿನ ವರ್ಷವಷ್ಟೇ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತ್ತು. ಅದಿರಿನ ಲಾರಿಗಳು ನಿಂತಿದ್ದವು, ಊರಿನಲ್ಲಿ ಬಹಳ ಜನರ ಕೆಲಸವೂ ನಿಂತಿತ್ತು, ನಮ್ಮ ಗೋಡೆ ಮಾತ್ರ ಬೆಳ್ಳಗಿತ್ತು. ಅಚ್ಚ ಬಿಳಿ ಹೊಡೆಸಿದ್ದೆವು. ಬಳ್ಳಾರಿಯಲ್ಲಿ ಬಿಳಿ ಬಣ್ಣ ಹೊಡೆಸುವವನನ್ನು ಜನ ನೋಡುವ ರೀತಿಯೇ ಬೇರೆ. ಬೇಸಿಗೆಯಲ್ಲಿ ಕೋಟು ತೊಟ್ಟು ಬಂದವನನ್ನು ನೋಡಿದ ಹಾಗೆ ನೋಡುತ್ತಾರೆ. ಮುಂದೆ ಗಣಿಗಳು ಒಂದೊಂದಾಗಿ ತೆರೆದವು, ಲಾರಿಗಳು ಓಡಿದವು, ಗಾಳಿ ತನ್ನ ಕೆಲಸ ಮಾಡಿತು. ಸಂಡೂರಿನ ಅದಿರಿನ ಗುಡ್ಡಗಳು ವರ್ಷ ವರ್ಷ ಒಂದಿಷ್ಟು ಕೆಂಪು ಧೂಳಾಗಿ ನಮ್ಮ ಹಾಲ್‌ಗೆ ಬಂದು ಕುಳಿತವು. ಕಡೆಗೆ ಗೋಡೆಯ ಬಣ್ಣ ಏನೆಂದು ಕೇಳಿದರೆ ಹೇಳಲು ನಮಗೇ ಶಬ್ದ ಸಿಗದಂತಾಯಿತು. "ಈ ದರಿದ್ರ ಬಣ್ಣ ಹೋಗಲಿ" ಎಂದು ಹೆಂಡತಿ ಯುಗಾದಿಗೆ ಮೊದಲೇ ತೀರ್ಪು ಕೊಟ್ಟಳು.

ಅಂಗಡಿಗೆ ಮೂವರೂ ಹೋದೆವು: ನಾನು, ಹೆಂಡತಿ, ಅವ್ವ. ಅವ್ವ ಬರಬೇಕಾಗಿರಲಿಲ್ಲ. ಆದರೆ ಮನೆಯಿಂದ ದುಡ್ಡು ಹೊರಗೆ ಹೋಗುವಾಗ ಅದರ ಜೊತೆಗೆ ತಾನೂ ಹೋಗಿ ಬೀಳ್ಕೊಡುವುದು ಆಕೆಯ ಪದ್ಧತಿ.

ಅಂಗಡಿಯ ಹುಡುಗ ಶೇಡ್ ಕಾರ್ಡ್ ಬಿಚ್ಚಿದ. ಬಿಚ್ಚಿದ, ಬಿಚ್ಚಿದ, ಮೇಜು ಮುಗಿದರೂ ಬಿಚ್ಚುತ್ತಲೇ ಇದ್ದ. ಸಾವಿರಕ್ಕೂ ಹೆಚ್ಚು ಬಣ್ಣಗಳಿವೆಯಂತೆ. ಬಿಳಿಯೊಂದಕ್ಕೇ ಎರಡು ಪುಟ. ಒಂದಕ್ಕೆ ಮುಂಜಾನೆಯ ಹೆಸರು, ಇನ್ನೊಂದಕ್ಕೆ ಮುತ್ತಿನ ಹೆಸರು, ಮತ್ತೊಂದಕ್ಕೆ ಯಾವುದೋ ದೇಶದ ಮಂಜಿನ ಹೆಸರು. ನಲವತ್ತೆರಡು ಡಿಗ್ರಿ ಬಿಸಿಲಿನಿಂದ ಈಗಷ್ಟೇ ಒಳಗೆ ಬಂದು ಬೆವರು ಒರೆಸಿಕೊಳ್ಳುತ್ತಿರುವವನಿಗೆ ಮಂಜಿನ ಹೆಸರು ಹೇಳಿದರೆ ಅವನೇನು ತಿಳಿದುಕೊಳ್ಳಬೇಕು?

ನಮ್ಮ ಹೆಂಗಸರಿಗೆ ಬಣ್ಣದ ಹೆಸರು ಬಾರದೆ ಇಲ್ಲ. ಇಳಕಲ್ ಸೀರೆಯ ಅಂಗಡಿಯಲ್ಲಿ ಕುಳಿತರೆ ಗಿರಿಕುಂಕುಮ, ನವಿಲುಗೊರಳು, ಈರುಳ್ಳಿ ಸಿಪ್ಪೆ, ಬದನೆಕಾಯಿ, ಗಿಣಿ ಹಸಿರು ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಅಂಗಡಿಯವನೂ ತಪ್ಪದೆ ಅದನ್ನೇ ಎತ್ತಿ ಕೊಡುತ್ತಾನೆ. ಅದೇ ಧೈರ್ಯದಲ್ಲಿ ಅವ್ವ ಕಾರ್ಡನ್ನು ಅತ್ತ ಸರಿಸಿ, "ಇದೆಲ್ಲ ಬೇಡಪ್ಪ, ಜೋಳದ ರೊಟ್ಟಿ ಬಣ್ಣ ಕೊಡು" ಎಂದಳು.

ಹುಡುಗ ನಗಲಿಲ್ಲ. ಅವನೂ ಈ ಊರಿನವನೇ. "ಬಿಸಿ ರೊಟ್ಟಿಯೋ, ಖಡಕ್ ರೊಟ್ಟಿಯೋ ಅಮ್ಮ?" ಎಂದು ಕೇಳಿದ.

ಅವ್ವ ಅರ್ಧ ನಿಮಿಷ ಯೋಚಿಸಿ, "ಬಿಸಿಯದು. ಆದರೆ ಸುಟ್ಟ ಕಲೆ ಬಿಟ್ಟು" ಎಂದಳು.

ಅದಕ್ಕೆ ಹತ್ತಿರವಾದ ಒಂಬತ್ತು ಬಣ್ಣಗಳನ್ನು ಅವನು ಗುರುತು ಹಾಕಿ, ಒಂಬತ್ತು ಸಣ್ಣ ಡಬ್ಬಿ ಮಾಡಿಕೊಟ್ಟ. "ಗೋಡೆಗೆ ಹಚ್ಚಿ ನೋಡಿ, ಆಮೇಲೆ ಹೇಳಿ. ಒಮ್ಮೆ ಬಕೆಟ್‌ಗೆ ಬಣ್ಣ ಬೆರೆಸಿದರೆ ವಾಪಸು ತೆಗೆದುಕೊಳ್ಳುವುದಿಲ್ಲ" ಎಂದೂ ಎಚ್ಚರಿಸಿದ. ಅಂಗಡಿಯವರು ನನಗೆ ಹೇಳಿದ ಒಂದೇ ಒಂದು ಸ್ಪಷ್ಟವಾದ ಮಾತು ಅದು.

ಇನ್ನು ನಮ್ಮ ಪೇಂಟರು. ದಿನಗೂಲಿಯ ಮೇಲೆ ಬಂದವರು. ಐವತ್ತು ದಾಟಿದ ವಯಸ್ಸು, ಕೈ ಚೊಕ್ಕಟ, ಮಾತು ಕಡಿಮೆ. ಎಷ್ಟು ಕಡಿಮೆ ಎಂದರೆ ಎರಡೇ ಶಬ್ದ: "ಒಣಗಲಿ ಸರ್."

ಮೊದಲ ಚೌಕ ಹಚ್ಚಿದಾಗ ಅದು ರೊಟ್ಟಿಯ ಬಣ್ಣವಲ್ಲ, ಹಿಟ್ಟು ಕಲಸಿದ ನೀರಿನ ಬಣ್ಣವಾಗಿತ್ತು. "ಇದೇನು, ಇಷ್ಟು ಬೆಳ್ಳಗೆ?" ಎಂದೆ. "ಒಣಗಲಿ ಸರ್." ಒಣಗಿತು, ಎರಡು ಹಂತ ಗಾಢವಾಯಿತು. "ಈಗ ಕಪ್ಪಾಯಿತಲ್ಲ?" "ಪೂರ್ತಿ ಒಣಗಲಿ ಸರ್." ಕಿಟಕಿಯ ಪಕ್ಕ ಅಲೆ ಅಲೆಯಾಗಿ ರೋಲರಿನ ಗುರುತು ಉಳಿದಿತ್ತು. ಒಣಗಲಿ ಸರ್. ಸ್ವಿಚ್ ಬೋರ್ಡಿನ ಮೇಲೆ ಒಂದು ಹನಿ ಇಳಿದು ಫ್ಯಾನಿನ ಗುಂಡಿಯನ್ನು ಅಂಟಿಸಿಬಿಟ್ಟಿತ್ತು. ಒಣಗಲಿ ಸರ್, ಚಾಕುವಿನಲ್ಲಿ ತೆಗೆದರಾಯಿತು. ಏಣಿಯ ಕಾಲು ನೆಲದ ಮೇಲೆ ನಾಲ್ಕು ಗುಂಡು ಮುದ್ರೆ ಒತ್ತಿತ್ತು. ಒಣಗಲಿ. ನನ್ನ ಕಚೇರಿಯ ಪ್ಯಾಂಟಿನ ಹಿಂಭಾಗಕ್ಕೆ ಎಲ್ಲಿಂದಲೋ ಒಂದು ಅಂಗೈ ಅಗಲದ ಬಣ್ಣ ಅಂಟಿತ್ತು. ಅದನ್ನು ತಿರುಗಿ ನಿಂತು ತೋರಿಸಬೇಕಾಗಿ ಬಂತು. ಅವರು ಬಗ್ಗಿ, ಡಾಕ್ಟರರ ಗಾಂಭೀರ್ಯದಿಂದ ಪರೀಕ್ಷಿಸಿ, ಅದನ್ನೇ ಹೇಳಿದರು. "ನಾಳೆ ಎಷ್ಟು ಗಂಟೆಗೆ ಬರುತ್ತೀರಿ?" ಎಂದು ಕೇಳಿದರೂ ಉತ್ತರ ಅದೇ ಇತ್ತು. ನಾಳೆ ಬರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ನನಗೆ ಸಿಟ್ಟು ಬರುತ್ತಿದ್ದದ್ದು ಮಾತಿಗಲ್ಲ, ಊರಿಗೆ. ಅವ್ವ ಮಾಳಿಗೆಯ ಮೇಲೆ ಬೆಳಿಗ್ಗೆ ಇಟ್ಟ ಸಂಡಿಗೆ ಸಂಜೆಗೆ ಗಲಗಲ ಎನ್ನುವ ಊರು ಇದು. ಒಗೆದ ಬಟ್ಟೆ ತಂತಿಗೆ ಹಾಕಿ ಕೊನೆಯ ಕ್ಲಿಪ್ ಸಿಕ್ಕಿಸುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ. ಇಲ್ಲಿ ಒಂದು ಗೋಡೆಗೆ ಒಣಗಲು ಇಷ್ಟು ದಿನ ಬೇಕೇ?

ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ ಅವರು ಬಾಯಿ ಬಿಟ್ಟರು. ಹನ್ನೆರಡನೆಯ ವಯಸ್ಸಿಗೆ ತಂದೆಯ ಜೊತೆ ಸುಣ್ಣ ಬಳಿಯಲು ಹೊರಟವರಂತೆ. ಆಗ ನನಗೆ ಅರ್ಥವಾಯಿತು. ಸುಣ್ಣ ಹಚ್ಚಿದಾಗ ಗೋಡೆ ಮೊದಲಿಗೆ ಹಸಿಹಸಿಯಾಗಿ, ಏನೂ ಹಚ್ಚದ ಹಾಗೆ ಕಾಣುತ್ತದೆ. ಮನೆಯವರು ಗಾಬರಿ ಬೀಳುತ್ತಾರೆ. ನೀರು ಆರುತ್ತಾ, ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿಕೊಳ್ಳುತ್ತಾ ಸುಣ್ಣ ಮತ್ತೆ ಕಲ್ಲಿನ ಗುಣಕ್ಕೆ ತಿರುಗುತ್ತದೆ, ಬೆಳ್ಳಗೆ ಅರಳುತ್ತದೆ. ಅಲ್ಲಿ "ಒಣಗಲಿ" ಎಂದವನು ಗೆಲ್ಲುತ್ತಿದ್ದ. ಈಗಿನ ಎಮಲ್ಷನ್ ಉಲ್ಟಾ: ಹಸಿ ಇದ್ದಾಗ ಹಾಲಿನಂತೆ, ಒಣಗಿದ ಮೇಲೆ ಗಾಢ. ಡಬ್ಬಿಯೊಳಗಿನ ಪದಾರ್ಥ ಬದಲಾಯಿತು. ಮಾತು ತಂದೆಯ ಕಾಲದ್ದೇ ಉಳಿಯಿತು. ಅರ್ಥವಾದ ಮೇಲೆ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಪ್ಯಾಂಟು ನೆನಪಾಗುತ್ತಿತ್ತು.

ಒಂಬತ್ತು ಚೌಕಗಳು ಹಾಲ್‌ನಲ್ಲಿ ಮೂರು ಸಾಲಾಗಿ ಆರು ದಿನ ಇದ್ದವು. ಬಂದವರೆಲ್ಲ ಅಭಿಪ್ರಾಯ ಕೊಟ್ಟು ಹೋದರು. ಎದುರು ಮನೆಯ ನಿವೃತ್ತ ಮೇಷ್ಟ್ರು ತಿಳಿ ಹಸಿರು ಕಣ್ಣಿಗೆ ತಂಪು ಎಂದರು, ಒಂಬತ್ತರಲ್ಲಿ ಹಸಿರೇ ಇಲ್ಲ ಎಂದರೂ ಬಿಡಲಿಲ್ಲ. ಬೆಂಗಳೂರಿನಿಂದ ಮಗಳು ಮೊಬೈಲಿಗೆ ಬೂದು ಗೋಡೆಯ ಫೋಟೊಗಳನ್ನು ಕಳಿಸಿದಳು. ಅವ್ವ ನೋಡಿ, "ಸಿಮೆಂಟ್ ಮಾಡಿ ಬಿಟ್ಟಿದ್ದಾರಲ್ಲ, ಪಾಪ, ದುಡ್ಡು ಸಾಲಲಿಲ್ಲವೇನೋ" ಎಂದಳು.

ಹಗಲಿನಲ್ಲಿ ಮೂರನೆಯದು ಚೆನ್ನಾಗಿತ್ತು. ಟ್ಯೂಬ್‌ಲೈಟ್ ಹಾಕಿದರೆ ಅದೇ ಮೂರನೆಯದು ಜ್ವರ ಬಂದವರ ಮುಖದಂತಾಗುತ್ತಿತ್ತು, ಏಳನೆಯದು ಎದ್ದು ನಿಲ್ಲುತ್ತಿತ್ತು. ಹಳದಿ ಬಲ್ಬಿಗೆ ಏಳನೆಯದು ಅರಿಶಿನ ಬಳಿದುಕೊಂಡು, ಎರಡನೆಯದೇ ಸರಿ ಎನಿಸುತ್ತಿತ್ತು. ಬಣ್ಣವೆಂಬುದು ಗೋಡೆಯಲ್ಲಿರುವುದಿಲ್ಲ, ಅರ್ಧ ಅದರ ಮೇಲೆ ಬೀಳುವ ಬೆಳಕಿನಲ್ಲಿರುತ್ತದೆ ಎಂದು ಶಾಲೆಯಲ್ಲಿ ಓದಿದ್ದೆ. ರಾತ್ರಿ ಹನ್ನೊಂದಕ್ಕೆ ಸ್ಟೂಲ್ ಹತ್ತಿ ಬಲ್ಬ್ ಬದಲಿಸುತ್ತಾ ಅದನ್ನು ಕಲಿತೆ. ಐದನೆಯ ರಾತ್ರಿ ಹೀಗೆ ವಾದ ನಡೆದಿರುವಾಗಲೇ ಕರೆಂಟ್ ಹೋಯಿತು. ಕತ್ತಲೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವ್ವನ ಧ್ವನಿ: "ಈಗ ನೋಡು, ಎಲ್ಲಾ ಒಂದೇ ಥರ ಎಷ್ಟು ಚೆನ್ನಾಗಿದೆ. ಇದನ್ನೇ ಹೊಡೆಸು."

ಗಂಗಾವತಿ ಕಡೆಯ ಹಿರೇಬೆಣಕಲ್ ಬೆಟ್ಟದಲ್ಲಿ ಸಾವಿರಾರು ವರ್ಷಗಳ ಹಿಂದಿನವರು ಬಂಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಚಿತ್ರಗಳು ಇನ್ನೂ ಇವೆ. ಮನುಷ್ಯರು, ಪ್ರಾಣಿಗಳು, ಎಲ್ಲವೂ ಅದೇ ಕೆಂಪು. ಅವರಿಗೆ ಶೇಡ್ ಕಾರ್ಡ್ ಇರಲಿಲ್ಲ, ಆದ್ದರಿಂದ ಕೆಲಸ ಮುಗಿಯಿತು.

ನಾವು ಏಳನೆಯದಕ್ಕೆ ಒಪ್ಪಿದೆವು. ಒಪ್ಪಿದೆವು ಎನ್ನುವುದಕ್ಕಿಂತ ಸೋತೆವು ಎನ್ನಬೇಕು. ಅಂಗಡಿಯ ಹುಡುಗ ಬಿಳಿ ಬೇಸ್‌ನ ಬಕೆಟನ್ನು ಯಂತ್ರದ ಕೆಳಗಿಟ್ಟು ನಂಬರ್ ಒತ್ತಿದ. ಯಂತ್ರ ಮೂರು ತೊಟ್ಟು ತೊಟ್ಟಿಕ್ಕಿಸಿತು, ಅಷ್ಟೇ. "ಏನು ಬಿತ್ತು?" ಎಂದು ಕೇಳಿದೆ. "ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್, ಚೂರು ಕಪ್ಪು" ಎಂದ. ಕಬ್ಬಿಣದ ಆಕ್ಸೈಡೇ? ಹೌದಂತೆ. ಕೆಂಪು ಎಂದರೆ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಜಾತಿಯೇ. ಸಂಡೂರಿನ ಗುಡ್ಡದಲ್ಲಿರುವುದೂ ಅದೇ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬಿಲ್ ನೋಡುತ್ತಿದ್ದೆ, ಬರಲಿಲ್ಲ.

ಗೋಡೆ ಉಜ್ಜಿಸುವಾಗ ಇನ್ನೊಂದು ಸಂಗತಿ ನಡೆದಿತ್ತು, ಅದನ್ನು ಹೇಳಲೇಬೇಕು. ಮುಂಬಾಗಿಲ ಹಿಂದೆ ಪೇಂಟರು ಉಜ್ಜುಕಾಗದ ಹಿಡಿದು ಅಂಗೈಯಷ್ಟು ಜಾಗ ಉಜ್ಜಿದ್ದರು. ಬಿಳಿಯ ಕೆಳಗೆ ಪಿಸ್ತಾ ಬಣ್ಣದ ಡಿಸ್ಟೆಂಪರ್ ಬಂತು, ಅದು ನನ್ನ ಮದುವೆಯ ಕಾಲದ್ದು. ಅದರ ಕೆಳಗೆ ನೀಲಿ ಬೆರೆಸಿದ ಸುಣ್ಣ. ನೀಲಿಯ ಮೇಲೆ ಇದ್ದಿಲಿನಲ್ಲಿ ಎಳೆದ ಗೀಟುಗಳು: ಉದ್ದಕ್ಕೆ ಒಂದು, ಎರಡು, ಮೂರು, ನಡುನಡುವೆ ಸೊನ್ನೆ. ಅವ್ವನ ಹಾಲಿನ ಲೆಕ್ಕ. ಹಾಲು ಬಂದ ದಿನ ಗೀಟು, ಬಾರದ ದಿನ ಸೊನ್ನೆ. ನನಗೆ ಏಳೆಂಟು ವರ್ಷವಿದ್ದಾಗ ನೋಡಿದ್ದು. ಹಾಲಿನವನ ಸೈಕಲ್ಲಿನ ಗಂಟೆ, ಬೋಸಿ ಹಿಡಿದು ಬಾಗಿಲಿಗೆ ಓಡುತ್ತಿದ್ದ ನಾನು, ಒಲೆಯ ಪಕ್ಕದಿಂದ ಇದ್ದಿಲು ತಂದು "ನಾನು ಎಳೆಯುತ್ತೇನೆ" ಎಂದು ಅಳುತ್ತಿದ್ದದ್ದು ಎಲ್ಲವೂ ಆ ಅಂಗೈಯಷ್ಟು ಜಾಗದಲ್ಲಿತ್ತು. ಒಂದು ಗೀಟು ಉಳಿದವಕ್ಕಿಂತ ಗಿಡ್ಡವಾಗಿ, ಸೊಟ್ಟಗೆ ಇತ್ತು. ಅದು ನನ್ನದಿರಬಹುದು.

ಅವ್ವ ಬಂದು ನೋಡಿದಳು. ಬೆರಳಿಟ್ಟು ಎಣಿಸಿದಳು. ನಾನು ಆಕೆಯ ಕಣ್ಣು ತೇವವಾಗುತ್ತದೆ ಎಂದುಕೊಂಡಿದ್ದೆ. "ಎರಡು ಸೊನ್ನೆಯ ದುಡ್ಡು ಅವನು ಕಡಿಮೆ ಮಾಡಿರಲಿಲ್ಲ ನೋಡು" ಎಂದಳು. ಸೈಕಲ್ಲಿನ ಆ ಮನುಷ್ಯ ಹೋಗಿ ಎಷ್ಟೋ ವರ್ಷವಾಗಿದೆ. ಆಮೇಲೆ ಪೇಂಟರ ಕಡೆ ತಿರುಗಿ, "ಇಲ್ಲಿ ಮುಟ್ಟಬೇಡಪ್ಪ, ಸದ್ಯಕ್ಕೆ ಬಿಡು" ಎಂದಳು.

ಸದ್ಯಕ್ಕೆ ಬಿಡು ಎಂದದ್ದನ್ನು ಅವರು ಅಕ್ಷರಶಃ ಪಾಲಿಸಿದ್ದರು. ಇದು ನನಗೆ ತಿಳಿದದ್ದು ನಿನ್ನೆ ರಾತ್ರಿ, ಮಾವನವರನ್ನು ಕಳಿಸಿ ಬಾಗಿಲು ಹಾಕಿದ ಮೇಲೆ. ಹಗಲೆಲ್ಲ ತೆರೆದೇ ಇರುವ ಬಾಗಿಲದು. ಅದರ ಹಿಂದೆ ಅಷ್ಟಗಲ ಗೋಡೆಗೆ ಹೊಸ ಬಣ್ಣ ತಾಗಿಯೇ ಇರಲಿಲ್ಲ: ನಡುವೆ ಹಾಲಿನ ಲೆಕ್ಕ, ಸುತ್ತಲೂ 2012ರ ಬಿಳಿ, ಅದರ ಮೇಲೆ ಬಳ್ಳಾರಿಯ ಧೂಳು. ಹೊಸ ಬಣ್ಣ ಎಲ್ಲಿಗೆ ಬಂದು ನಿಂತಿದೆ ಎಂದು ಹುಡುಕಿದೆ. ಸಿಗಲಿಲ್ಲ. ಟ್ಯೂಬ್‌ಲೈಟ್ ಹಾಕಿದೆ, ಬಲ್ಬ್ ಹಾಕಿದೆ, ಮೊಬೈಲ್ ಬೆಳಕು ಹಿಡಿದೆ. ಕಡೆಗೆ ಕಣ್ಣು ಮುಚ್ಚಿ ಬೆರಳಾಡಿಸಿದಾಗ ಪುಟ್ಟಿಯ ನುಣುಪು ಮುಗಿದು ಒರಟು ಶುರುವಾಗುವ ಜಾಗ ಸಿಕ್ಕಿತು. ಕಣ್ಣಿಗೆ ಎರಡೂ ಒಂದೇ. ಒಂಬತ್ತು ಡಬ್ಬಿ, ಆರು ದಿನದ ವಾದ, ಇಪ್ಪತ್ತು ಲೀಟರಿನ ಬಕೆಟ್, ಮೂರು ತೊಟ್ಟು ಆಕ್ಸೈಡ್. ಗಾಳಿ ಪುಕ್ಕಟೆಯಾಗಿ ಹಚ್ಚಿಕೊಟ್ಟಿದ್ದ ಬಣ್ಣವನ್ನೇ ಉಜ್ಜಿ ತೆಗೆಸಿ, ಅದನ್ನೇ ದುಡ್ಡು ಕೊಟ್ಟು ತಂದಿದ್ದೆವು. ಹೆಂಡತಿಗೆ ಇನ್ನೂ ಹೇಳಿಲ್ಲ.

ಈ ದಿನ ಬೆಳಿಗ್ಗೆ ಪೇಂಟರು ಬಾಕಿ ಕೂಲಿಗೆ ಬಂದರು. ಹದಿನೆಂಟು ದಿನ ಎಂದು ಲೆಕ್ಕ ಹೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಎದ್ದು, ಬಾಗಿಲು ಹಾಕಿ, ಹಾಲಿನ ಲೆಕ್ಕದ ಕೆಳಗೆ ಬೆರಳಿಟ್ಟಳು. ಅಲ್ಲಿ ಹೊಸದಾಗಿ ಪೆನ್ಸಿಲಿನಲ್ಲಿ ಎಳೆದ ಇನ್ನೊಂದು ಸಾಲು ಇತ್ತು. ರಾತ್ರಿ ಬಣ್ಣದ ಅಂಚು ಹುಡುಕುವ ಗಡಿಬಿಡಿಯಲ್ಲಿ ನಾನು ಅದನ್ನು ಕಂಡೇ ಇರಲಿಲ್ಲ. ಹನ್ನೊಂದು ಗೀಟು, ಏಳು ಸೊನ್ನೆ.

ಪೇಂಟರು ಸೊನ್ನೆಗಳನ್ನು ಒಂದೊಂದಾಗಿ, ಹತ್ತಿರದಿಂದ, ಬಹಳ ಹೊತ್ತು ನೋಡಿದರು.

"ಇವು ಒಣಗಲಿಕ್ಕೆ ಬಿಟ್ಟ ದಿನಗಳಮ್ಮ" ಎಂದರು.