ನಾನು ಕೇಳಿದ ಸಿನಿಮಾಗಳು

ಕಳೆದ ಎರಡು ವರ್ಷದಲ್ಲಿ ನಾನು ಒಂಬತ್ತು ಸಿನಿಮಾ ಕೇಳಿದ್ದೇನೆ. ನೋಡಿಲ್ಲ, ಬರೀ ಕೇಳಿದ್ದೇನೆ. ಬೆಂಗಳೂರಿನಿಂದ ಪುತ್ತೂರಿಗೆ ಹೋಗುವಾಗ ಕಾರು ಓಡಿಸುವುದು ನಾನು. ಹಿಂದೆ ಕೂತು ಸಿನಿಮಾ ನೋಡುವುದು ಹೆಂಡತಿ ಮತ್ತು ಇಬ್ಬರು ಮಕ್ಕಳು. ಅತ್ತೆ ಬಂದರೆ ಅವರಿಗೆ ಮುಂದಿನ ಸೀಟು, ಹಾಗಾಗಿ ಅವರೂ ನನ್ನ ಹಾಗೆ ಕೇಳುಗರೇ.

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿ, "ಕಾರಲ್ಲಿ ಮಕ್ಕಳಿಗೆ ಸಿನಿಮಾ ತೋರಿಸಲಿಕ್ಕೆ ಏನು ಮಾಡಿದ್ದೀ ಮಾರಾಯಾ?" ಅಂತ ಕೇಳಿದ. ಅರ್ಧ ಗಂಟೆ ಮಾತಾಡಿದರೂ ಮುಗಿಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಹಟ ಒಂದೇ. ಕಾರಿನಲ್ಲಿ ಒಂದೇ ಪರದೆ ಇರಬೇಕು, ಸೌಂಡ್ ಎಲ್ಲರಿಗೂ ಕೇಳಬೇಕು. ಒಬ್ಬೊಬ್ಬರ ಕೈಗೆ ಒಂದೊಂದು ಫೋನ್, ಕಿವಿಗೆ ಹೆಡ್‌ಫೋನ್ ಕೊಟ್ಟರೆ ಕಾರು ಶಾಂತವಾಗಿರುತ್ತದೆ, ನಿಜ. ಆದರೆ ಏಳು ಗಂಟೆ ಓಡಿಸುವವನು ಟ್ಯಾಕ್ಸಿ ಡ್ರೈವರ್ ಆಗಿಬಿಡುತ್ತಾನೆ. ಹಿಂದೆ ಎಲ್ಲರೂ ನಗುತ್ತಾರೆ, ಯಾಕೆ ಅಂತ ಇವನಿಗೆ ಗೊತ್ತಿಲ್ಲ.

ನಮ್ಮದು ಹತ್ತು ಇಂಚಿನ ಹಳೇ ಟ್ಯಾಬ್, ಒಂದು ಮೂಲೆ ಒಡೆದಿದೆ. ಹೆಡ್‌ರೆಸ್ಟಿಗೆ ಸಿಕ್ಕಿಸುವ ಸ್ಟ್ಯಾಂಡ್ ಒಂದನ್ನು ತರಿಸಿದ್ದೆ. ಕುಣಿಗಲ್ ದಾಟುವ ಮೊದಲೇ ಒಂದು ರೋಡ್ ಹಂಪ್ ಹಾರಿದಾಗ ಅದರ ಹಿಡಿ ಸಡಿಲವಾಗಿ ಟ್ಯಾಬ್ ಮಗನ ಕಾಲ ಮೇಲೆ ಬಿತ್ತು. ಜೋರಾಗಿ ಬ್ರೇಕ್ ಹಾಕಿದ್ದರೆ ಎಲ್ಲಿಗೆ ಹಾರುತ್ತಿತ್ತೋ! ಆಮೇಲೆ ಅತ್ತೆ ತಮ್ಮ ಹೊಲಿಗೆ ಡಬ್ಬದಿಂದ ಲಂಗದ ಲಾಡಿ ತೆಗೆದರು. ಟ್ಯಾಬಿನ ಕವರಿಗೆ ನಾಲ್ಕು ತೂತು ಹೊಡೆದು, ಲಾಡಿ ಪೋಣಿಸಿ, ಹೆಡ್‌ರೆಸ್ಟಿನ ಎರಡು ಕಂಬಿಗೆ ಬಿಗಿದು ಕಟ್ಟಿದರು. ಎರಡು ವರ್ಷವಾಯಿತು, ಅಲ್ಲಾಡಿಲ್ಲ. ಕಟ್ಟಿದ್ದು ಎಡಗಡೆ ಸೀಟಿನ ಹಿಂದೆ, ಮಕ್ಕಳ ಕಣ್ಣಿನ ಮಟ್ಟಕ್ಕೆ. ತೊಡೆ ಮೇಲಿಟ್ಟುಕೊಂಡು ತಲೆ ಬಗ್ಗಿಸಿ ನೋಡಿದರೆ ಹೊಟ್ಟೆ ತೊಳಸುವುದು ಜಾಸ್ತಿ. ರಾತ್ರಿ ಬ್ರೈಟ್‌ನೆಸ್ ಇಳಿಸಲೇಬೇಕು. ಇಲ್ಲದಿದ್ದರೆ ಆ ಬೆಳಕು ಹಿಂದಿನ ಗಾಜಿಗೆ ಬಿದ್ದು ನನ್ನ ಕನ್ನಡಿಯಲ್ಲಿ ಕುಣಿಯುತ್ತದೆ.

ಸಿನಿಮಾ ಮನೆಯಲ್ಲೇ ಡೌನ್‌ಲೋಡ್ ಆಗಿರಬೇಕು. ಇದು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಇಲ್ಲೇ ಬೀಳುತ್ತಾರೆ. ಒಮ್ಮೆ ನಾವು ಮೂರು ಸಿನಿಮಾ ಇಳಿಸಿಕೊಂಡು ಹೆಮ್ಮೆಯಿಂದ ಹೊರಟೆವು. ನೆಟ್‌ವರ್ಕ್ ಇಲ್ಲದ ಒಂದು ಜಾಗದಲ್ಲಿ ಆ್ಯಪ್ ತೆರೆದರೆ "ಮತ್ತೆ ಲಾಗಿನ್ ಆಗಿ" ಅಂತ ಕೂತಿತು. ಇಳಿಸಿಕೊಂಡ ಸಿನಿಮಾಗೂ ವಾಯಿದೆ ಇರುತ್ತದೆ. ಕೆಲವಂತೂ ಒಮ್ಮೆ ಶುರು ಮಾಡಿದರೆ 48 ಗಂಟೆಯೊಳಗೆ ನೋಡಿ ಮುಗಿಸಬೇಕು. ಹೋಗುವಾಗ ಅರ್ಧ ನೋಡಿ, ಬರುವಾಗ ಉಳಿದರ್ಧ ಅಂತ ಇಟ್ಟುಕೊಂಡರೆ ಕೈಕೊಡುತ್ತದೆ. ಈಗ ಹೊರಡುವ ಹಿಂದಿನ ರಾತ್ರಿ ಟ್ಯಾಬನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಒಂದೊಂದು ಸಿನಿಮಾವನ್ನೂ ನಡುವಿನಿಂದ ಒಂದು ನಿಮಿಷ ಓಡಿಸಿ ನೋಡುತ್ತೇನೆ. ಕಡಿಮೆ ಕ್ವಾಲಿಟಿಯಲ್ಲಿ ಇಳಿಸಿದರೂ ಸಾಕು. ಕುಲುಕಾಡುವ ಕಾರಿನಲ್ಲಿ ಎಚ್‌ಡಿ ಯಾರಿಗೆ ಬೇಕು?

ಚಾರ್ಜಿಂಗ್ ಇನ್ನೊಂದು ರಗಳೆ. ನಮ್ಮ ಕಾರಿನ ಯುಎಸ್‌ಬಿ ತೂತು ಪೆನ್‌ಡ್ರೈವ್ ಹಾಡಿಗೆ ಮಾಡಿದ್ದು. ಅಂಥದ್ದರಲ್ಲಿ ಅರ್ಧ ಆಂಪಿಯರ್ ಬಂದರೆ ಹೆಚ್ಚು. ವೈರ್ ಚುಚ್ಚಿದ್ದರೂ ಬ್ಯಾಟರಿ ಇಳಿಯುತ್ತಲೇ ಇತ್ತು. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಹಾಕುವ ಎರಡು ಆಂಪಿಯರಿನ ಚಾರ್ಜರ್, ಎರಡು ಮೀಟರ್ ಉದ್ದದ ವೈರ್ ತಂದ ಮೇಲೆ ಸರಿಹೋಯಿತು. ಬಿಸಿಲಲ್ಲಿ ಕಾರು ನಿಲ್ಲಿಸಿ ಊಟಕ್ಕೆ ಹೋಗುವಾಗ ಟ್ಯಾಬನ್ನು ಬಿಚ್ಚಿಕೊಂಡೇ ಹೋಗಿ. ಕಾದರೆ ಆನ್ ಆಗುವುದೇ ಇಲ್ಲ.

ಸೌಂಡ್ ಕಾರಿನ ಸ್ಪೀಕರಿನಲ್ಲೇ ಬರಬೇಕು. ಬ್ಲೂಟೂತ್ ಹಾಕಿದರೆ ನಮ್ಮ ಹಳೇ ಸ್ಟೀರಿಯೋದಲ್ಲಿ ಬಾಯಿ ಮೊದಲು ಆಡುತ್ತದೆ, ಮಾತು ಆಮೇಲೆ ಬರುತ್ತದೆ. ನನಗೇನೂ ತೊಂದರೆ ಇಲ್ಲ, ನಾನು ಬಾಯಿ ನೋಡುವವನಲ್ಲವಲ್ಲ! ಹಿಂದಿನವರ ಗಲಾಟೆ ತಡೆಯದೆ, ಟ್ಯಾಬಿನ ಹೆಡ್‌ಫೋನ್ ತೂತಿನಿಂದ ಸ್ಟೀರಿಯೋಗೆ ಹೋಗುವ ಆಕ್ಸ್ ವೈರ್ ಹಾಕಿದೆ.

ಕಾರಿಗೆ ಯಾವ ಸಿನಿಮಾ ಅಂತ ಆರಿಸುವುದು ಈಗ ನಾನೇ, ಅದೂ ಕಿವಿಯ ಲೆಕ್ಕದಲ್ಲಿ. ಕತ್ತಲೆಯಲ್ಲೇ ನಡೆಯುವ ಸಿನಿಮಾ ಹಗಲಲ್ಲಿ ಕಾಣುವುದೇ ಇಲ್ಲ, ಟ್ಯಾಬಿನಲ್ಲಿ ನಮ್ಮ ಮುಖವೇ ಕಾಣುತ್ತದೆ. ಹೊಡೆದಾಟ ಜಾಸ್ತಿ ಇದ್ದರೆ ನನಗೆ ಅರ್ಧ ಗಂಟೆ ಬರೀ ಢಿಶುಂ ಢಿಶುಂ. ಮಾತೇ ಬಂಡವಾಳವಾಗಿರುವ ಹಳೇ ಕನ್ನಡ ಕಾಮಿಡಿ ಹಾಕಿದರೆ ಇಡೀ ಕಾರು ನಗುತ್ತದೆ.

ಇನ್ನು ಡ್ಯಾಶ್‌ಬೋರ್ಡಿನ ದೊಡ್ಡ ಆಂಡ್ರಾಯ್ಡ್ ಸ್ಕ್ರೀನಿನಲ್ಲೇ ಸಿನಿಮಾ ಓಡಿಸುವವರು. ಆ ಸ್ಟೀರಿಯೋಗಳಲ್ಲಿ ಹ್ಯಾಂಡ್‌ಬ್ರೇಕಿನದ್ದು ಅಂತ ಒಂದು ವೈರ್ ಇರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿದ್ದರೆ ಮಾತ್ರ ವಿಡಿಯೋ ಬರಲಿ ಅಂತ ಅದನ್ನು ಇಟ್ಟಿದ್ದಾರೆ. ಆ ವೈರನ್ನು ಕಾರಿನ ಲೋಹದ ಮೈಗೆ ಅರ್ಥ್ ಮಾಡಿದರೆ ಕಾರು ಓಡುವಾಗಲೂ ಬರುತ್ತದೆ. ನಾನು ಆಕ್ಸೆಸರೀಸ್ ಅಂಗಡಿಗೆ ಹೋದಾಗ ಹುಡುಗ, "ಸರ್, ಬೈಪಾಸ್ ಮಾಡ್ಕೊಡ್ಲಾ? ಎಲ್ರೂ ಮಾಡಿಸ್ತಾರೆ" ಅಂದ. ಕಾಫಿ ಬೇಕಾ ಅಂತ ಕೇಳಿದಷ್ಟು ಸಲೀಸಾಗಿ ಕೇಳಿದ. ಬೇಡಪ್ಪಾ ಅಂದೆ. ಎದುರಿಗೆ ಚಿತ್ರ ಓಡುತ್ತಿದ್ದರೆ ಕಣ್ಣು ಅಲ್ಲಿಗೆ ಹೋಗೇ ಹೋಗುತ್ತದೆ, ನನ್ನದಂತೂ ಖಂಡಿತ ಹೋಗುತ್ತದೆ.

"ಮಕ್ಕಳು ಕಿಟಕಿಯಾಚೆ ನೋಡಲಿ, ನಾವೆಲ್ಲ ಹಾಗೇ ಬೆಳೆದದ್ದು" ಅಂತ ಭಾವ ಯಾವಾಗಲೂ ಹೇಳುತ್ತಾರೆ. ಸುಳ್ಳು. ನಾವು ಬೆಳೆದದ್ದು ವಿಡಿಯೋ ಕೋಚಿನಲ್ಲಿ. ತೊಂಬತ್ತರ ದಶಕದ ರಾತ್ರಿ ಬಸ್ಸು ನೆನಪಿದೆಯಲ್ಲ? ಡ್ರೈವರನ ಬೆನ್ನ ಹಿಂದೆ ಮೇಲೊಂದು ಟೀವಿ, ಗೆರೆ ಗೆರೆ ಬರುವ ಕ್ಯಾಸೆಟ್ಟು, ಇಡೀ ಬಸ್ಸಿಗೆ ಒಂದೇ ಸಿನಿಮಾ. ಊಟಕ್ಕೆ ನಿಲ್ಲಿಸಿದ ಮೇಲೆ ಕಂಡಕ್ಟರ್ ಟೀವಿ ಆರಿಸಿಬಿಡುತ್ತಿದ್ದ. ಕೊನೆಯಲ್ಲಿ ಏನಾಯಿತು ಅಂತ ಇವತ್ತಿಗೂ ಗೊತ್ತಿಲ್ಲದ ಸಿನಿಮಾ ನನಗೆ ನಾಲ್ಕಾದರೂ ಇವೆ.

ಹಾಗಂತ ಭಾವನ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ನೆಲಮಂಗಲದಿಂದ ಹಾಸನದವರೆಗೆ ಟೋಲು, ಡಿವೈಡರು, ಲಾರಿ. ಅಲ್ಲಿ ಸಿನಿಮಾ ನೋಡಲಿ ಬಿಡಿ. ಸಕಲೇಶಪುರ ದಾಟಿದ ಕೂಡಲೇ ಟ್ಯಾಬ್ ಬಂದ್. ಶಿರಾಡಿ ಘಾಟಿಯ ತಿರುವಿನಲ್ಲಿ ಕಿವಿಯೊಳಗೆ ಮೈ ತಿರುಗಿದ್ದು ಗೊತ್ತಾಗುತ್ತಿರುತ್ತದೆ, ಕಣ್ಣು ಮಾತ್ರ ನಿಂತಲ್ಲೇ ಇರುವ ಪರದೆಯನ್ನು ನೋಡುತ್ತಿರುತ್ತದೆ. ಇಬ್ಬರ ಜಗಳದಲ್ಲಿ ಬಡವಾಗುವುದು ಹೊಟ್ಟೆ. ಮೊದಲ ಸಲ ಮಗಳು ಮಾರನಹಳ್ಳಿಯ ಹತ್ತಿರ ಬೆಳಗಿನ ತಟ್ಟೆ ಇಡ್ಲಿಯನ್ನೆಲ್ಲ ಹೊರಗೆ ಹಾಕಿದಳು. ಅಂದಿನಿಂದ ಘಾಟಿ ಅಂದರೆ ಇಂಟರ್ವಲ್. ಗ್ಲಾಸ್ ಇಳಿಸಿ, ಚಕ್ಕುಲಿ ಡಬ್ಬ ತೆರೆದು, ಕಾಡು ನೋಡುತ್ತಾ ಗುಂಡ್ಯ ಮುಟ್ಟುವುದು. ನೆಲ್ಯಾಡಿಯಲ್ಲಿ ಸೆಕೆಂಡ್ ಹಾಫ್ ಶುರು.

ಈ ಸಲ ಮನೆ ಗೇಟಿನೊಳಗೆ ಕಾರು ನಿಲ್ಲಿಸಿದಾಗ ಇನ್ನೂ ಹನ್ನೆರಡು ನಿಮಿಷ ಸಿನಿಮಾ ಬಾಕಿ ಇತ್ತು. ಯಾರೂ ಇಳಿಯಲಿಲ್ಲ. ನಾನು ಎಂಜಿನ್ ಆಫ್ ಮಾಡಿ, ಬೆಲ್ಟ್ ಬಿಚ್ಚಿ, ಹಿಂದಿನ ಸೀಟಿಗೆ ಹೋಗಿ ಮಗಳ ಪಕ್ಕ ತೂರಿಕೊಂಡೆ. ಹಾಸನದಿಂದ ಗದರುತ್ತಾ ಬಂದಿದ್ದ ವಿಲನ್ನಿಗೆ ದಪ್ಪ ಮೀಸೆ, ದೊಡ್ಡ ಹೊಟ್ಟೆ ಇದೆ ಅಂದುಕೊಂಡಿದ್ದೆ. ನೋಡಿದರೆ ಕಡ್ಡಿಯಂಥ ಮನುಷ್ಯ, ಕನ್ನಡಕ ಬೇರೆ.

"ಇವನಾ ಅವನು?" ಅಂದೆ.

"ಸುಮ್ನಿರಪ್ಪಾ, ಕ್ಲೈಮ್ಯಾಕ್ಸ್" ಅಂದಳು. ಜಗಲಿಯಿಂದ ಅಮ್ಮ ಟಾರ್ಚ್ ಬಿಡುತ್ತಲೇ ಇದ್ದರು.